ಗುಮ್ಮಿದ್ದು ಟಗರಲ್ಲ

ನನ್ನ ಮಾವನ ದವಡೆ ಮುರಿದದ್ದು ನಾನು ಕಟ್ಟಿದ ವಿಮಾನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ನನ್ನ ಬಾಯಿ ಹೊಲಿದುಹೋಗಿತ್ತು. ವಿಮಾನ ಅಂದರೆ ಜನ ಕೂತು ಹೋಗುವಂಥದ್ದಲ್ಲ, ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವಂಥದ್ದು. ಆದರೂ ಎರಡೂ ಕೈ ಚಾಚಿ ನಿಂತರೆ ಎಷ್ಟಗಲವೋ ಅಷ್ಟಗಲ ರೆಕ್ಕೆ, ಮೂತಿಯಲ್ಲಿ ಪೆಟ್ರೋಲ್ ಎಂಜಿನ್ನು. ಯಾರಾದರೂ ಅದನ್ನು ಆಟದ ಸಾಮಾನು ಅಂದರೆ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಈಗ ನಾನೇ ಹಾಗನ್ನುತ್ತೇನೆ. ಆಟದ ಸಾಮಾನು, ಹಾಳಾದ್ದು.

ನನ್ನದು ಶಿರಾದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಮುತ್ತಲ ಬೋರ್‌ವೆಲ್ಲುಗಳ ಸುಟ್ಟ ಮೋಟಾರುಗಳೆಲ್ಲ ನನ್ನ ಅಂಗಡಿಯ ಮುಂದೆ ಬಂದು ಬೀಳುತ್ತವೆ. ಯಾವಾಗ ಕೊಡ್ತೀಯ, ಯಾವಾಗ ಕೊಡ್ತೀಯ ಅಂತ ಗಿರಾಕಿಗಳು ಪ್ರಾಣ ತಿನ್ನುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ದಿನಕ್ಕೊಂದಾದರೂ ಜಗಳ. ಒಂದು ದಿನ ಮೊಬೈಲಿನಲ್ಲಿ ಯಾರೋ ಒಬ್ಬ ತಾನೇ ಕಟ್ಟಿದ ವಿಮಾನವನ್ನು ಆಕಾಶದಲ್ಲಿ ತಲೆಕೆಳಗು ಮಾಡಿ, ಪಲ್ಟಿ ಹೊಡೆಸಿ, ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸಿದ್ದನ್ನು ನೋಡಿದೆ. ಅಲ್ಲಿಂದ ಹುಚ್ಚು ಹಿಡಿಯಿತು. ಬಾಲ್ಸಾ ಎನ್ನುವ ಹಗುರ ಮರದ ಹಲಗೆ ತರಿಸಿದೆ. ಮಧುಗಿರಿಯ ಗುಜರಿಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಎಂಜಿನ್ ಸಿಕ್ಕಿತು, ಅದನ್ನೇ ಬಿಚ್ಚಿ ಕಟ್ಟಿ ಸರಿಮಾಡಿದೆ. ರೆಕ್ಕೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಹೆಂಡತಿಯ ಇಸ್ತ್ರಿಪೆಟ್ಟಿಗೆಯಲ್ಲಿ ಉಜ್ಜಿ ಅಂಟಿಸಿದೆ. ಆ ಇಸ್ತ್ರಿಪೆಟ್ಟಿಗೆ ಮತ್ತೆ ಬಟ್ಟೆಗೆ ಬರಲಿಲ್ಲ. ಅವಳು ಅದಕ್ಕೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಕಟ್ಟಿದವೆಲ್ಲ ಬಿದ್ದವು. ಒಂದು ಜಾಲಿ ಮರಕ್ಕೆ ಸಿಕ್ಕಿಕೊಂಡಿತು, ಒಂದು ಕೆರೆ ಏರಿಗೆ ಮೂತಿ ಗುದ್ದಿಕೊಂಡಿತು. ಬೆಂಗಳೂರಿನಲ್ಲಿ ಇಂಥ ವಿಮಾನ ಹಾರಿಸುವ ಹಿರಿಯರೊಬ್ಬರು ಫೋನಿನಲ್ಲೇ ನನಗೆ ಪಾಠ ಹೇಳುತ್ತಿದ್ದರು. ಅವರು ಪದೇ ಪದೇ ಹೇಳುತ್ತಿದ್ದದ್ದು ಒಂದೇ ಮಾತು: ತೂಕ ಮುಂದಕ್ಕಿರಲಿ, ಬಾಲ ಭಾರವಾಗಬಾರದು. ಬಾಲ ಭಾರವಾದರೆ ವಿಮಾನ ಚುರುಕಾಗಿ ಪಲ್ಟಿ ಹೊಡೆಯುತ್ತದೆ ನಿಜ, ಆದರೆ ಒಮ್ಮೆ ಸುತ್ತಲು ಶುರುಮಾಡಿದರೆ ಕೈಗೆ ಬರುವುದಿಲ್ಲ. ಹೂಂ ಸಾರ್, ಹೂಂ ಸಾರ್ ಅಂತ ತಲೆಯಾಡಿಸುತ್ತಿದ್ದೆ.

ನನ್ನ ಹೆಂಡತಿಯ ತವರು ತಾವರೆಕೆರೆಯ ಪಕ್ಕದ ಒಂದು ಹಟ್ಟಿ. ಕುರಿ ಸಾಕುವವರು. ಹಟ್ಟಿಯ ಹಿಂದೆಯೇ ಒಣಗಿದ ಕೆರೆಯ ಅಂಗಳ, ನೆಲ ಹಾಸಿದಂತೆ ಸಮ. ವಿಮಾನ ಹಾರಿಸಲು ಅಂಥ ಜಾಗ ಸುತ್ತಮುತ್ತ ಇನ್ನೊಂದಿಲ್ಲ. ಹಾಗಾಗಿ ಭಾನುವಾರ ಬಂದರೆ ನಾನು ಬೈಕಿನ ಹಿಂದೆ ವಿಮಾನ ಕಟ್ಟಿಕೊಂಡು ಮಾವನ ಮನೆಗೆ ಹಾಜರ್.

ಆ ಹಟ್ಟಿಯಲ್ಲಿ ಅಳಿಯನ ಗತ್ತೇ ಬೇರೆ. ನಾನು ಹೋದರೆ ಮಂಚದ ಮೇಲೆ ಕಂಬಳಿ ಹಾಸುತ್ತಾರೆ. ನನಗಿಂತ ಎರಡರಷ್ಟು ವಯಸ್ಸಾದವರೂ ಬನ್ನಿ, ಕೂತ್ಕಳಿ ಅನ್ನುತ್ತಾರೆ. ಅತ್ತೆಯಂತೂ ನನ್ನ ಜೊತೆ ನೇರವಾಗಿ ಮಾತಾಡಿದವರಲ್ಲ, ಏನಿದ್ದರೂ ಮಗಳ ಮೂಲಕವೇ. ನಾನು ಎದುರಿಗೇ ಕೂತಿದ್ದರೂ, “ನಿನ್ ಗಂಡಂಗೆ ಮಜ್ಜಿಗೆ ಬೇಕಾ ಕೇಳವ್ವಾ” ಅನ್ನುತ್ತಿದ್ದರು. ಅಳಿಯನ ಮುಖ ಸಣ್ಣದಾಗುವಂಥ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ನಮ್ಮ ಅಂಗಡಿಯ ಮುಂದೆ ಗಿರಾಕಿಗಳ ಕೈಲಿ ಬೈಸಿಕೊಳ್ಳುವ ನನಗೆ ಇದೆಲ್ಲ ಎಷ್ಟು ಹಿತವಾಗಿತ್ತು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ.

ಮಾವನಿಗೆ ನನ್ನ ವಿಮಾನವೆಂದರೆ ಪ್ರಾಣ. ಸಂತೆಗೆ ಹೋದಲ್ಲೆಲ್ಲ, “ನಮ್ ಅಳಿಯಂದ್ರು ಇಮಾನ ಕಟ್ಟವ್ರೆ ಕಣ್ಲಾ, ಅಂಗೇ ಆಕಾಸದಾಗೆ ಲಾಗ ಹೊಡಿಸ್ತಾರೆ” ಅಂತ ಸಾರುತ್ತಿದ್ದರು. ಅವರಿಗೆ ಪ್ರಾಣವಾಗಿದ್ದ ಇನ್ನೊಂದು ಅಂದರೆ ಒಂದು ಟಗರು. ಹಾಲೂಡಿಸಿ ಬೆಳೆಸಿದ್ದು. ಕೊಂಬು ಸುರುಳಿ ಸುತ್ತಿ ಕೆನ್ನೆಗೆ ಬಂದಿತ್ತು. ಮಾವ ಬೀಡಿ ಹಚ್ಚಿ ಕೂತರೆ ಅದು ಬಂದು ಅವರ ಮಂಡಿಗೆ ಹಣೆ ಒತ್ತಿಕೊಂಡು ನಿಲ್ಲುತ್ತಿತ್ತು. ಒಂದು ದಿನವೂ ಅದು ಯಾರನ್ನೂ ಗುಮ್ಮಿದ್ದನ್ನು ನಾನು ಕಂಡಿಲ್ಲ.

ಆ ಭಾನುವಾರ ಕೆರೆ ಅಂಗಳದಲ್ಲಿ ನಾನು ಮತ್ತು ಮಾವ ಇಬ್ಬರೇ ಇದ್ದೆವು. ಕುರಿಗಳು ಆಚೆ ಮೇಯುತ್ತಿದ್ದವು. ವಿಮಾನವನ್ನು ಒಂದು ಸುತ್ತು ಹಾರಿಸಿ ಇಳಿಸಿದೆ. ಮಾವ ಕಂಬಳಿ ಕೊಡವುತ್ತಾ ಬಂದರು.

“ಇದ್ಯಾಕ್ ಅಳಿಯಂದ್ರೆ, ಇವತ್ತು ಮೆತ್ಗೆ ತಿರುಗ್ತೈತೆ? ಓದ್ ಸಲ ಅದೇನ್ ಲಾಗ ಹೊಡೀತು!”

ನಿಜವಾಗಿ ಹೋದ ಸಲಕ್ಕಿಂತ ಅದು ಚೆನ್ನಾಗಿಯೇ ಹಾರಿತ್ತು. ಆದರೆ ಮೆತ್ಗೆ ಅನ್ನುವ ಮಾತು ನನಗೆ ಚುಚ್ಚಿತು. “ತಾಳಿ ಮಾವ, ತೋರುಸ್ತೀನಿ” ಅಂದೆ. ರಿಮೋಟಿನ ಮಾತು ಕೇಳಿಸಿಕೊಳ್ಳುವ ಯಂತ್ರಕ್ಕೆಂದು ಮೂತಿಯ ಹತ್ತಿರ ಇಟ್ಟಿದ್ದ ಬ್ಯಾಟರಿಯನ್ನು ಬಿಚ್ಚಿ ಬಾಲದ ಕಡೆಗೆ ಸರಿಸಿ, ಟೇಪು ಸುತ್ತಿದೆ. ಅಂದರೆ ತಿಳಿದೂ ತಿಳಿದೂ ಬಾಲವನ್ನು ಭಾರ ಮಾಡಿದೆ. ಬೆಂಗಳೂರಿನವರ ಮಾತು ನೆನಪಿಗೆ ಬರಲಿಲ್ಲವೇ ಅಂದರೆ, ಬಂತು. ಬಂದರೆ ಬರಲಿ ಅಂದುಕೊಂಡೆ.

ಮೇಲೇರುವಾಗಲೇ ಅದು ಮೂತಿ ಎತ್ತಿ ಎತ್ತಿ ಕುಣಿಯುತ್ತಿತ್ತು. ಒಂದು ಪಲ್ಟಿ ಹೊಡೆಸಿದೆ. ಅಬ್ಬಾ, ಚಾಟಿ ಬೀಸಿದ ಹಾಗೆ ತಿರುಗಿತು! ಮಾವ, “ಅಂಗೆ! ಅಂಗೆ!” ಅಂತ ಕೂಗಿ ಕೈ ತಟ್ಟಿದರು. ಇನ್ನೊಂದು, ಇನ್ನೂ ಕೆಳಗೆ. ಈ ಸಲ ಪಲ್ಟಿಯ ನಡುವೆ ವಿಮಾನ ಗಾಳಿಯಲ್ಲಿ ಒಂದು ಕ್ಷಣ ನಿಂತ ಹಾಗಾಗಿ, ಒಂದು ರೆಕ್ಕೆ ಜಾರಿ, ಬುಗುರಿಯ ಹಾಗೆ ಸುತ್ತುತ್ತಾ ಇಳಿಯಲಾರಂಭಿಸಿತು. ಹಾಗೆ ಸುತ್ತುವಾಗ ಮೂತಿಯನ್ನು ಕೆಳಕ್ಕೆ ಬಿಡಬೇಕು, ವೇಗ ಬಂದ ಮೇಲೆ ಮೇಲಕ್ಕೆಳೆಯಬೇಕು. ಗೊತ್ತು. ಗೊತ್ತಿದ್ದೂ ನನ್ನ ಹೆಬ್ಬೆರಳು ಎಳೆಯಿತು. ನೆಲ ಹತ್ತಿರ ಬರುವುದನ್ನು ಕಂಡಾಗ ಯಾರ ಕೈಯಾದರೂ ಎಳೆಯುತ್ತದೆ ಅನ್ನಬಹುದು. ನನ್ನ ಕೈಯಲ್ಲಿ ರಿಮೋಟಿತ್ತು, ಆದರೆ ವಿಮಾನ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು.

ಅದು ಬೀಳುತ್ತಿದ್ದದ್ದು ಕುರಿಗಳ ಕಡೆಗೆ. ಎಲ್ಲಕ್ಕಿಂತ ಮುಂದೆ ಆ ಟಗರು ನಿಂತು ಮೇಲೆ ನೋಡುತ್ತಿತ್ತು. ಮಾವ, “ಏ! ಏಯ್!” ಅನ್ನುತ್ತಾ ಅದರತ್ತ ಓಡಿದರು. ನಾನು, “ಮಾವಾ, ಬ್ಯಾಡಿ!” ಅಂದೆ. ಕೊನೆಗಳಿಗೆಯಲ್ಲಿ ಸುತ್ತುವುದು ತಾನಾಗಿಯೇ ಬಿಟ್ಟುಹೋಗಿ ವಿಮಾನ ಓರೆಯಾಗಿ ನುಗ್ಗಿತು. ಅವರು ಟಗರಿನ ಕುತ್ತಿಗೆ ಹಿಡಿದು ದೂಡುತ್ತಿದ್ದಾಗ ವಿಮಾನದ ಮೂತಿ ಅವರ ಎಡದವಡೆಗೆ ಬಡಿಯಿತು. ಎಂಜಿನ್ ಕೆಮ್ಮಿ ನಿಂತಿತು. ಕುರಿಗಳೆಲ್ಲ ಚದುರಿ ಓಡಿದವು. ಮಾವ ಕುಕ್ಕರುಗಾಲಿನಲ್ಲಿ ಕೂತು ಬಾಯಿಂದ ರಕ್ತ ಉಗಿಯುತ್ತಿದ್ದರು.

ಅವರನ್ನು ಎತ್ತಿ, ಕಂಬಳಿಯಲ್ಲಿ ಮುಖ ಕಟ್ಟಿ ಬೈಕಿನಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ತಪ್ಪಾಯ್ತು ಮಾವ, ತಪ್ಪಾಯ್ತು ಅನ್ನುತ್ತಿದ್ದೆ. ಅವರು ಹಿಂದಿನಿಂದ ನನ್ನ ಭುಜ ತಟ್ಟುತ್ತಿದ್ದರು. ಶಿರಾದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಕೈಯೆತ್ತಿ ನನ್ನನ್ನು ತಡೆದು, ತುಂಬಿದ ಬಾಯಲ್ಲೇ ಹೇಳಿದರು:

“ಟಗ್ರು... ಗುಮ್ಬುಡ್ತು.”

ಡಾಕ್ಟರು ಬರೆದುಕೊಂಡರು. ನಾನು ತಿದ್ದಲಿಲ್ಲ. ಪೋಲೀಸು ಗೀಲೀಸು ಅಂತ ಅಳಿಯ ಅಲೆಯುವುದು ಬೇಡ ಅಂತ ಅವರು ಹಾಗಂದರು, ಆಮೇಲೆ ಮನೆಯವರ ಮುಂದೆ ನಿಜ ಹೇಳಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಹೆಂಡತಿ, ಅತ್ತೆ, ಮಾವನ ಅಣ್ಣ ಎಲ್ಲ ಓಡಿಬಂದರು. ಮಾವನ ಅಣ್ಣನನ್ನು ನಾವೆಲ್ಲ ದೊಡ್ಡಮಾವ ಅನ್ನುತ್ತೇವೆ, ಹಟ್ಟಿಗೆ ಹಿರಿಯರು. ಅವರು, “ಏನಾಯ್ತು?” ಅಂತ ನನ್ನನ್ನೇ ಕೇಳಿದರು. ಮಂಚದ ಮೇಲಿಂದ ಮಾವ ನನ್ನನ್ನೇ ನೋಡುತ್ತಿದ್ದರು.

“ಟಗರು ಗುಮ್ಮಿಬಿಡ್ತು” ಅಂದೆ.

ಥೂ, ಅದು ಎಷ್ಟು ಸಲೀಸಾಗಿ ಬಂತು! ದೊಡ್ಡಮಾವ ನನ್ನ ಮುಖವನ್ನೇ ನೋಡಿದರು. ಆಮೇಲೆ ಹೂಂ ಅಂದರು. ಮಾವನನ್ನು ತುಮಕೂರಿಗೆ ಸಾಗಿಸಿ, ದವಡೆಗೆ ತಂತಿ ಕಟ್ಟಿಸಿದೆವು. ಮಾರನೆಯ ದಿನ ಮುಂಜಾನೆಯೇ ನಾನು ಕೆರೆ ಅಂಗಳಕ್ಕೆ ಹೋಗಿ ವಿಮಾನದ ಚೂರುಗಳನ್ನೆಲ್ಲ ಆಯ್ದು ಗೋಣಿಚೀಲಕ್ಕೆ ತುಂಬಿಕೊಂಡು ಬಂದೆ. ಯಾರೂ ನೋಡಲಿಲ್ಲ ಅಂದುಕೊಂಡೆ.

ಆ ಮಾತು ಅಲ್ಲಿಗೇ ನಿಂತಿದ್ದರೆ ನನ್ನ ನಾಚಿಕೆ ನನ್ನಲ್ಲೇ ಉಳಿಯುತ್ತಿತ್ತು. ಆದರೆ ಆ ಹಟ್ಟಿಯಲ್ಲಿ ಒಂದು ಕಟ್ಟುಪಾಡಿದೆ. ಒಡೆಯನ ರಕ್ತ ಕಂಡ ಟಗರು ಮಂದೆಯಲ್ಲಿ ಉಳಿಯುವಂತಿಲ್ಲ, ಅದು ಮನೆದೇವರಿಗೆ ಬಲಿ. ವಾರದೊಳಗೆ ದೊಡ್ಡಮಾವ ಇದನ್ನು ಹೇಳಿ, ಬರುವ ಸೋಮವಾರ ಅಂತ ದಿನ ಗೊತ್ತುಮಾಡಿದರು. ಹೆಂಡತಿ ಫೋನಿನಲ್ಲಿ ಕೇಳಿಸಿಕೊಂಡು ನನಗೆ ಹೇಳಿದಳು. ಟಗರಿನ ಜೀವ ಈಗ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಅದು ಗುಮ್ಮಲಿಲ್ಲ, ನನ್ನ ವಿಮಾನ ಹೊಡೆಯಿತು. ಇಷ್ಟೇ. ಅಂಗಡಿಯಲ್ಲಿ ತಂತಿ ಸುತ್ತುತ್ತಾ ಈ ಮಾತನ್ನು ಎಷ್ಟೋ ಸಲ ಬಾಯಿಪಾಠ ಮಾಡಿದೆ.

ಭಾನುವಾರ ಹಟ್ಟಿಗೆ ಹೋದೆ. ಟಗರನ್ನು ಮಂದೆಯಿಂದ ಬೇರೆ ಮಾಡಿ ಅಂಗಳದ ಬೇವಿನ ಮರಕ್ಕೆ ಕಟ್ಟಿದ್ದರು. ಹುರುಳಿ ನೆನೆಸಿ ಇಟ್ಟಿದ್ದರು, ಅದು ಮುಟ್ಟಿರಲಿಲ್ಲ. ಮಾವ ಒಳಗೆ ಮಲಗಿ, ಹಲ್ಲು ಕಚ್ಚಿದ ಬಾಯೊಳಗೇ ಅಂಬಲಿ ಹೀರುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ಕೂತು ಕಂಬಳಿ ಸರಿಸಿ ಜಾಗ ಮಾಡಿದರು. ಕೂತೆ. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಮಾವ ಬಂದು, “ನಾಳೀಕ್ ಆಗಲ್ಲ ಕಣ್ರಪ್ಪ, ನಮ್ ಪೈಕೀಲಿ ಸೂತ್ಕ ಬಂದೈತೆ” ಅಂದರು.

ಬದುಕಿದೆಯಾ ಬಡಜೀವವೇ ಅನ್ನಿಸಿತು. ಟಗರಿಗಲ್ಲ, ನನಗೆ. ಚಹಾ ಕುಡಿದು, ಮೋಟಾರಿನ ವಿಷಯ ಮಾತಾಡಿ ಎದ್ದು ಬಂದೆ.

ಎರಡನೆಯ ಸಲವೂ ಹಾಗೇ ಆಯಿತು. ದಿನ ಹತ್ತಿರ ಬಂತು ಅನ್ನುವಾಗ, ಮನೆದೇವರ ಪೂಜಾರಪ್ಪ ಪಾವಗಡಕ್ಕೆ ಹೋಗಿದ್ದಾನೆ, ಬರುವುದು ತಡ ಅಂದರು. ಆವತ್ತು ನಾನೂ ಹೋಗಿದ್ದೆ. ದೊಡ್ಡಮಾವ ಟಗರಿನ ಬೆನ್ನು ಸವರುತ್ತಾ ನನ್ನ ಪಕ್ಕ ಬಂದು ನಿಂತರು.

“ಏನಾರ ಏಳೋದೈತಾ ಅಳಿಯಂದ್ರೆ?”

ಅಂಗಳದಲ್ಲಿ ಯಾರೂ ಇರಲಿಲ್ಲ. ಅದಕ್ಕಿಂತ ಒಳ್ಳೆಯ ಹೊತ್ತು ದೇವರೇ ತಂದುಕೊಟ್ಟರೂ ಸಿಗುತ್ತಿರಲಿಲ್ಲ. ನಾನೇನು ಹೇಳಿದೆ ಗೊತ್ತೇ?

“ಏನಿಲ್ಲ ದೊಡ್ಡಮಾವ. ಇಷ್ಟು ಚೆನ್ನಾಗಿರೋ ಟಗರು, ಮಾರಿಬಿಟ್ರೆ ಆಗಲ್ವಾ ಅಂತ.”

“ಗುಮ್ಮೋ ಟಗರ್ನ ಇನ್ನೊಬ್ರ ಮಂದೆಗೆ ಎಂಗ್ ಕೊಡಾನ? ಅವರ್ಗೂ ಗುಮ್ಮುದ್ರೆ? ನಮ್ ತಲೆಗೆ ಬರಾಕಿಲ್ವಾ?” ಅಂದರು ದೊಡ್ಡಮಾವ. ಟಗರಿನ ಹಗ್ಗದ ಗಂಟು ನೋಡಿದರು. “ಗುಮ್ಮೋದೇ ಅಲ್ಲ ಅಂದ್ರೆ ಬ್ಯಾರೆ ಮಾತು” ಅಂದರು.

ನಾನು ಟಗರಿನ ಕೊಂಬು ನೋಡುತ್ತಾ ನಿಂತೆ. ನನ್ನ ಮರ್ಯಾದೆ, ನನ್ನ ಮಂಚ, ನನ್ನ ಕಂಬಳಿ! ಇಮಾನ ಕಟ್ಟುವ ಅಳಿಯ ಮಾವನ ದವಡೆ ಮುರಿದು, ಮೂಕಪ್ರಾಣಿಯ ಮೇಲೆ ಹಾಕಿದ ಅಂತ ಹಟ್ಟಿ ಮಾತಾಡಿಕೊಳ್ಳುವುದನ್ನು ನೆನೆಸಿಕೊಂಡರೆ ನಾಲಿಗೆ ಏಳಲಿಲ್ಲ. ಅಂಗಡಿ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಕಿರುಚುವ ಗಂಡಸು ನಾನು. ಅಲ್ಲಿ ಒಂದು ಸಾಲು ಹೇಳಲಾಗಲಿಲ್ಲ.

ಮೂರನೆಯ ಸಲ ಯಾರೂ ಮುಂದಕ್ಕೆ ಹಾಕಲಿಲ್ಲ. ನಾನು ಬೇಕೆಂದೇ ತಡವಾಗಿ ಹೋದೆ. ಬೇವಿನ ಮರದಲ್ಲಿ ಬರೀ ಹಗ್ಗವಿತ್ತು. ಅಂಗಳದಲ್ಲಿ ಒಲೆ ಹೂಡಿ, ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಮಸಾಲೆ ವಾಸನೆಗೆ ಬಾಯಲ್ಲಿ ನೀರೂ ಬಂತು ಅಂದರೆ ನನ್ನ ಜನ್ಮಕ್ಕೆ ಏನನ್ನಬೇಕು.

ಅಳಿಯಂದಿರಿಗೆ ಮೊದಲ ಎಲೆ. ದೊಡ್ಡಮಾವ ನನ್ನ ಪಕ್ಕ ಕೂತರು. ಅತ್ತೆ ಮುದ್ದೆ ಇಟ್ಟು, ಸಾರು ಬಿಟ್ಟು, ಆರಿಸಿ ಆರಿಸಿ ತುಂಡು ಹಾಕಿದರು. ಮಾವನಿಗೆ ಒಳಗೆ ಒಂದು ಲೋಟದಲ್ಲಿ ಸಾರಿನ ತಿಳಿ ಮಾತ್ರ ಹೋಯಿತು. ಅಗಿಯುವ ಹಾಗಿರಲಿಲ್ಲವಲ್ಲ. ಅಥವಾ ಅಗಿಯುವ ಹಾಗಿದ್ದರೂ ಅವರು ಮುಟ್ಟುತ್ತಿದ್ದರೋ ಇಲ್ಲವೋ. ನಾನು ಉಂಡೆ. ಒಂದು ಮುದ್ದೆ ಮುಗಿಯಿತು. ಅತ್ತೆ ಮತ್ತೆ ಬಡಿಸಲು ಬಗ್ಗಿದಾಗ ಯಾಕೋ ತಡೆಯಲಾಗಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

“ದೊಡ್ಡಮಾವ, ಟಗರು ಗುಮ್ಮಲಿಲ್ಲ. ನನ್ನ ವಿಮಾನ ಹೊಡೀತು. ತಪ್ಪು ನನ್ನದು. ಬ್ಯಾಟರಿ ಹಿಂದಕ್ಕೆ ಹಾಕಿದ್ದೆ” ಅಂದೆ. ಧ್ವನಿ ಜೋರಾಗಿಯೇ ಬಂತು. ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

ಈಗ ಬೈಯುತ್ತಾರೆ ಅಂತ ತಲೆ ತಗ್ಗಿಸಿ ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಯಾರೂ ಬೆಚ್ಚಲಿಲ್ಲ, ಏನಂದ್ರಿ ಅಂತಲೂ ಕೇಳಲಿಲ್ಲ. ದೊಡ್ಡಮಾವ ಮುದ್ದೆ ಮುರಿದು ಸಾರಿಗೆ ಅದ್ದಿದರು.

“ಇಮಾನದ ಸದ್ದು ಅಟ್ಟಿಗೆಲ್ಲ ಕೇಳ್ತಿತ್ತು ಅಳಿಯಂದ್ರೆ. ನಿಂತಿದ್ದೂ ಕೇಳುಸ್ತು. ಉಣ್ಣಿ” ಅಂದರು.

ಅತ್ತೆ ಎಂದಿನಂತೆ ನನ್ನತ್ತ ನೋಡದೆ ಮಗಳಿಗೆ ಹೇಳಿದರು: “ಕೈ ತೆಗೀಲಿ ಅಂತ ಏಳವ್ವಾ ನಿನ್ ಗಂಡಂಗೆ. ಸಾರು ಆರೋಯ್ತದೆ.”

ಕೈ ತೆಗೆದೆ. ಅತ್ತೆ ಬಡಿಸಿದರು. ಹಾಕಿಸಿಕೊಂಡ ಮೇಲೆ ಬಿಡುವಂತಿಲ್ಲ, ದೇವರ ಊಟ. ಎಲ್ಲವನ್ನೂ ಉಂಡೆ. ನೀರು ಕುಡಿದು ಕುಡಿದು ನುಂಗಿದೆ.

ಹಿತ್ತಲಿನಲ್ಲಿ ಕೈ ತೊಳೆಯಲು ಹೆಂಡತಿ ಚೊಂಬಿನಲ್ಲಿ ನೀರು ಹಾಕಿದಳು. ಮೆಲ್ಲಗೆ ಕೇಳಿದೆ, “ನಿಂಗೂ ಗೊತ್ತಿತ್ತಾ?”

“ಅವತ್ತೇ” ಅಂದಳು.

“ಮತ್ಯಾಕೆ ಹೇಳ್ಲಿಲ್ಲ?”

ಅವಳು ನೀರು ಹಾಕುವುದನ್ನು ನಿಲ್ಲಿಸಿದಳು. “ನಾವ್ ಹೇಳಿದ್ರೆ ಅಳಿಯನ್ನ ಕರೆಸಿ ಅವಮಾನ ಮಾಡ್ದಂಗೆ. ನೀವ್ ಹೇಳಿದ್ರೆ ಟಗರು ಉಳ್ಕಂತಿತ್ತು. ಸೂತ್ಕನೂ ಇರ್ಲಿಲ್ಲ, ಪೂಜಾರಪ್ಪ ಎಲ್ಗೂ ಹೋಗಿರ್ಲಿಲ್ಲ. ಎರಡ್ ಸಲನೂ ನಿಲ್ಸಿದ್ದು ನಮ್ಮಪ್ಪ. ಇನ್ನೊಂದ್ ವಾರ ನೋಡಾನ, ಅವ್ರೇ ಹೇಳ್ತಾರೆ, ಒಳ್ಳೇವ್ರು ಅಂತಿದ್ರು. ಇವತ್ತು ಬೆಳಿಗ್ಗೆನೂ ನೀವ್ ಬರೋತಂಕ ತಡೀರಿ ಅಂದ್ರಂತೆ. ನೀವು ತಡವಾಗಿ ಬಂದ್ರಿ.”

ನಾನು ಒದ್ದೆ ಕೈ ಹಾಗೇ ಹಿಡಿದುಕೊಂಡು ನಿಂತೆ. ಒಳಗಿನಿಂದ ಮಾವ, ತಂತಿ ಕಟ್ಟಿದ ಹಲ್ಲುಗಳ ಸಂದಿಯಿಂದ ಕಷ್ಟಪಟ್ಟು ಮಗಳನ್ನು ಕೇಳುತ್ತಿದ್ದರು.

“ಅಳಿಯಂದ್ರು... ಉಂಡ್ರೇನವ್ವಾ?”

“ಉಂಡ್ರು ಕಣಪ್ಪಾ” ಅಂದಳು ಹೆಂಡತಿ. “ಹೊಟ್ಟೆ ತುಂಬ ಉಂಡ್ರು.”